ಉಗುರಿಗೆ ಕೊಡಲಿ ಬೇಡ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದರಂತೆ ಎಂಬ ಗಾದೆ ಕಟ್ಟಿದವರ ಉಗುರು ಗಟ್ಟಿಮುಟ್ಟಾಗಿಯೇ ಇದ್ದಿರಬೇಕು. ಹುಣಸೆಹಣ್ಣಿನ ನಾರು ತೆಗೆಯುವಾಗ ಮುರಿಯುವ, ತುದಿ ಪದರ ಪದರವಾಗಿ ಎದ್ದು ಸೆರಗಿನ ನೂಲಿಗೆ ಸಿಕ್ಕಿಕೊಳ್ಳುವ ಉಗುರಿನವರಿಗೆ ಆ ಗಾದೆ ಹೊಳೆಯುತ್ತಿರಲಿಲ್ಲ. ಇಂಥ ಉಗುರಿಗೆ ಉಪಚಾರಗಳ ಬರವೇನೂ ಇಲ್ಲ. ನಿಂಬೆರಸದಲ್ಲಿ ಅದ್ದಿ, ಬೆಳ್ಳುಳ್ಳಿ ತಿಕ್ಕಿ, ಹಾಲು ಕುಡಿಯಿರಿ, ಉಗುರು ಗಟ್ಟಿ ಮಾಡುವ ದ್ರಾವಣ ಹಚ್ಚಿ, ಬಯೋಟಿನ್ ಮಾತ್ರೆ ನುಂಗಿ. ಹೆಚ್ಚಿನವೆಲ್ಲ ಉಗುರಿಗೆ ಏನನ್ನೋ ಸೇರಿಸಲು ಹೊರಟವು. ನನ್ನ ವಾದ ಇದಕ್ಕೆ ತಿರುಗುಮುರುಗು: ಕಣ್ಣಿಗೆ ಕಾಣುವ ಉಗುರಿಗೆ ನಾವು ಸೇರಿಸಬಹುದಾದದ್ದು ತೀರ ಕಡಿಮೆ, ಕಳೆಯದಂತೆ ನೋಡಿಕೊಳ್ಳಬಹುದಾದದ್ದು ಬೇಕಾದಷ್ಟಿದೆ.

ಏಕೆಂದರೆ ಹೊರಗೆ ಕಾಣುವ ಉಗುರಿನಲ್ಲಿ ಜೀವವಿಲ್ಲ. ಜೀವವಿರುವುದು ಬುಡದ ಚರ್ಮದ ಅಡಿಯಲ್ಲಿ. ಅಲ್ಲಿ ಹುಟ್ಟಿದ ಜೀವಕೋಶಗಳು ಕೆರಾಟಿನ್ ತುಂಬಿಕೊಂಡು, ಸತ್ತು, ಒತ್ತೊತ್ತಾಗಿ ಮುಂದಕ್ಕೆ ಸರಿಯುತ್ತವೆ, ತಿಂಗಳಿಗೆ ಸುಮಾರು 3 ಮಿಲಿಮೀಟರ್. ಆಷಾಢದಲ್ಲಿ ಮದರಂಗಿ ಹಾಕಿಸಿಕೊಂಡವರ ಕೈಯೇ ಇದಕ್ಕೆ ಸಾಕ್ಷಿ. ಅಂಗೈಯ ಕೆಂಪು ಎರಡು ಮೂರು ವಾರಕ್ಕೆ ಮಾಸುತ್ತದೆ, ಚರ್ಮ ಉದುರಿ ಹೊಸದು ಬರುತ್ತದೆ. ಉಗುರಿನ ಕೆಂಪು ಹಾಗೆ ಬಿಟ್ಟುಕೊಡುವುದಿಲ್ಲ. ಗೌರಿಹಬ್ಬದ ಹೊತ್ತಿಗೆ ಬುಡದ ಅರ್ಧ ಬಣ್ಣವಿಲ್ಲದ ಹೊಸ ಉಗುರಾಗಿರುತ್ತದೆ, ದೀಪಾವಳಿಗೆ ಕೆಂಪು ತುದಿಗೆ ಹೋಗಿ ನಿಂತಿರುತ್ತದೆ. ಅಮೆರಿಕದ ವೈದ್ಯ ವಿಲಿಯಂ ಬೀನ್ 1941ರಿಂದ 35 ವರ್ಷ ತಮ್ಮ ಹೆಬ್ಬೆರಳಿನ ಉಗುರಿನ ಬುಡದಲ್ಲಿ ಗೀರು ಹಾಕಿಕೊಂಡು, ಅದು ತುದಿ ಮುಟ್ಟುವುದನ್ನೇ ಕಾಯುತ್ತ ಲೆಕ್ಕ ಬರೆದಿಟ್ಟರು. ಅವರ 32ನೆಯ ವಯಸ್ಸಿನಲ್ಲಿ ದಿನಕ್ಕೆ 0.123 ಮಿ.ಮೀ. ಬೆಳೆಯುತ್ತಿದ್ದ ಉಗುರು 67ರಲ್ಲಿ 0.095ಕ್ಕೆ ಇಳಿದಿತ್ತು. ಇದಕ್ಕಿಂತ ಅಗ್ಗದ ಪ್ರಯೋಗಾಲಯ ವೈದ್ಯಲೋಕದಲ್ಲಿ ಇನ್ನೊಂದಿರಲಾರದು. ಕೈಬೆರಳಿನ ಉಗುರು ಬುಡದಿಂದ ತುದಿಯವರೆಗೆ ಹೊಸದಾಗಲು ಹೆಚ್ಚುಕಡಿಮೆ ಆರು ತಿಂಗಳು ಬೇಕು. ಹತ್ತೇ ದಿನದಲ್ಲಿ ಗುಣ ಕಾಣಿಸುತ್ತೇವೆ ಎನ್ನುವ ಯಾವ ಉಪಚಾರವೂ ಹಳೆಯ ಉಗುರಿನ ಮೇಲೆ ಸುಣ್ಣ ಬಳಿಯುತ್ತಿದೆ, ಅಷ್ಟೆ.

ಹಾಲಿನ ಮಾತು ಬಂತು. ಆಯುರ್ವೇದ ಉಗುರನ್ನು ಅಸ್ಥಿಧಾತುವಿನ ಮಲವೆಂದು ಎಣಿಸಿತು. ಮೂಳೆಗೆ ಒಳ್ಳೆಯದು ಉಗುರಿಗೂ ಒಳ್ಳೆಯದೆಂಬ ನಂಬಿಕೆಗೆ ಈ ಹಳೆಯ ನಂಟೂ ಕಾರಣವಾಗಿರಬಹುದು. ಆದರೆ ಉಗುರಿನ ತೂಕದಲ್ಲಿ ಕ್ಯಾಲ್ಸಿಯಂ ಶೇಕಡಾ 1ರಷ್ಟೂ ಇಲ್ಲ, ಅದರ ಗಡಸಿಗೂ ಕ್ಯಾಲ್ಸಿಯಂಗೂ ಹೇಳಿಕೊಳ್ಳುವ ಸಂಬಂಧವಿಲ್ಲ. ಗಡಸು ಬರುವುದು ಕೆರಾಟಿನ್ ಎಳೆಗಳನ್ನು ಬಿಗಿದಿರುವ ಗಂಧಕದ ಕೊಂಡಿಗಳಿಂದ. ಉಗುರು ಸುಟ್ಟಾಗ ಮೂಗಿಗೆ ಅಡರುವ ಕಮಟು ಅದೇ ಗಂಧಕದ್ದು. ಹಾಗಾದರೆ ಉಗುರು ದುರ್ಬಲವಾಗುವುದೇಕೆ? ಬಹುಮಟ್ಟಿಗೆ ನೀರಿನಿಂದ. ಉಗುರು ಬೇಗ ನೀರು ಹೀರಿ ಉಬ್ಬುತ್ತದೆ, ಅಷ್ಟೇ ಬೇಗ ಒಣಗಿ ಕುಗ್ಗುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾದರೆ ಪದರಗಳ ನಡುವಿನ ಹಿಡಿತ ಸಡಿಲಿ ತುದಿ ಚಿರೋಟಿಯಂತೆ ಬಿಚ್ಚಿಕೊಳ್ಳುತ್ತದೆ. ಸೋಪು ಇದ್ದ ಜಿಡ್ಡನ್ನೂ ಒಯ್ದುಬಿಡುತ್ತದೆ. ಕೈ ಒರೆಸಿದ ಕೂಡಲೇ ಎರಡು ಹನಿ ಹರಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಉಗುರಿಗೂ ಬುಡದ ಚರ್ಮಕ್ಕೂ ತಿಕ್ಕುವ ಅಭ್ಯಾಸಕ್ಕೆ ಅರ್ಥವಿರುವುದು ಇಲ್ಲೇ. ಎಣ್ಣೆ ಬಿಚ್ಚಿದ ಪದರವನ್ನು ಅಂಟಿಸುವುದಿಲ್ಲ, ಒಳಗಿನ ತೇವ ಆರುವುದನ್ನು ನಿಧಾನ ಮಾಡುತ್ತದೆ. ಬೆಳ್ಳುಳ್ಳಿ ಚರ್ಮವನ್ನು ಉರಿಸಬಲ್ಲದು. ನಿಂಬೆರಸ ಸಾರಿಗೇ ಇರಲಿ.

ಗಟ್ಟಿ ಮಾಡುವ ದ್ರಾವಣ ಹಚ್ಚಿದವರಿಗೆ ಗುಣ ಕಂಡಿದೆಯಲ್ಲ ಎನ್ನಬಹುದು. ಕಂಡಿರುತ್ತದೆ. ಫಾರ್ಮಾಲ್ಡಿಹೈಡ್ ಇರುವ ದ್ರಾವಣಗಳು ಕೆರಾಟಿನ್ ಎಳೆಗಳ ನಡುವೆ ಹೊಸ ಕೊಂಡಿ ಹಾಕುತ್ತವೆ, ಮೊದಮೊದಲು ಉಗುರು ನಿಜಕ್ಕೂ ಗಡುಸಾಗುತ್ತದೆ. ಹಚ್ಚುತ್ತಲೇ ಹೋದರೆ ಬಾಗುವ ಗುಣ ಕಳೆದುಕೊಂಡು, ಹಿಂದೆ ಮಣಿಯುತ್ತಿದ್ದ ಕಡೆ ಚಟ್ಟನೆ ಮುರಿಯುತ್ತದೆ. ಗಡಸೇ ಬಲವಲ್ಲ. ಬರೀ ನೇಲ್ ಪಾಲಿಶ್ ಆದರೂ ನೀರನ್ನು ಸ್ವಲ್ಪ ತಡೆದೀತು, ಅದನ್ನು ಅಳಿಸುವ ಅಸಿಟೋನ್ ಮಾತ್ರ ಬಂದ ಲಾಭವನ್ನು ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ಬಯೋಟಿನ್ ವಿಷಯ ಇಷ್ಟು ಹಗುರವಲ್ಲ. ಕುದುರೆಗಳ ಗೊರಸು ಅದರಿಂದ ಸುಧಾರಿಸಿದ್ದನ್ನು ಕಂಡೇ ಮನುಷ್ಯರಿಗೂ ಕೊಟ್ಟು ನೋಡಿದ್ದು. 1990ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ವೈದ್ಯರು ದಿನಕ್ಕೆ 2.5 ಮಿಲಿಗ್ರಾಂ ಕೊಟ್ಟಾಗ ಉಗುರಿನ ದಪ್ಪ ಶೇಕಡಾ 25ರಷ್ಟು ಹೆಚ್ಚಿತೆಂದು ವರದಿ ಮಾಡಿದರು. ಪ್ರಯೋಗಕ್ಕೆ ಒಳಪಟ್ಟವರು ಕೆಲವೇ ಮಂದಿ, ಹೋಲಿಸಲು ಹುಸಿಮಾತ್ರೆ ನುಂಗಿದವರ ಗುಂಪೂ ಇರಲಿಲ್ಲ. ಇದನ್ನು ಅಲ್ಲಗಳೆಯುವಂತಿಲ್ಲ, ತಲೆಯ ಮೇಲೆ ಹೊರುವಂತೆಯೂ ಇಲ್ಲ. ತೊಡಕು ಬೇರೆಯಿದೆ. ಹೆಚ್ಚಿನ ಪ್ರಮಾಣದ ಬಯೋಟಿನ್ ರಕ್ತಪರೀಕ್ಷೆಯ ಫಲಿತಾಂಶವನ್ನೇ ಕೆಡಿಸಬಲ್ಲದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿತು. ಹೃದಯಾಘಾತ ಪತ್ತೆ ಮಾಡುವ ಟ್ರೋಪೊನಿನ್ ಪರೀಕ್ಷೆಯೂ ಥೈರಾಯ್ಡ್ ಪರೀಕ್ಷೆಯೂ ಅದರಲ್ಲಿ ಸೇರಿವೆ. ಉಗುರು ಪುಡಿಯಾಗುವುದಕ್ಕೆ ಥೈರಾಯ್ಡ್ ದೋಷವೂ ಒಂದು ಕಾರಣ. ಅದಕ್ಕೆಂದು ನುಂಗಿದ ಮಾತ್ರೆಯೇ ಆ ದೋಷವನ್ನು ಮರೆಮಾಚಿದರೆ ದೂರು ಯಾರಿಗೆ ಕೊಡುವುದು? ಕಬ್ಬಿಣದ ಕೊರತೆಯೂ ಅಷ್ಟೇ ದೊಡ್ಡ ಕಾರಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ಉಗುರು ಚಮಚದಂತೆ ತಗ್ಗಾಗಿ ಸುಸ್ತೂ ಇದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು. ಬಯೋಟಿನ್ ನುಂಗುತ್ತಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಉದ್ದ ಉಗುರಿನ ಆಸೆ ಬಿಟ್ಟರೆ ಅರ್ಧ ಕಷ್ಟ ತಾನಾಗಿಯೇ ಹೋಗುತ್ತದೆ. ವಾತ್ಸ್ಯಾಯನ ಕಾಮಸೂತ್ರದಲ್ಲಿ ಉಗುರನ್ನೂ ಸೀಮೆವಾರು ವಿಂಗಡಿಸಿದ್ದಾನೆ. ಚೆಂದದ ಉದ್ದ ಉಗುರು ಗೌಡದೇಶದವರದು, ಬಗೆಬಗೆಯ ಕೆಲಸಕ್ಕೆ ಒದಗುವ ಗಿಡ್ಡ ಉಗುರು ದಕ್ಷಿಣದವರದು. ಅವನ ಮನಸ್ಸಿನಲ್ಲಿದ್ದ ಕೆಲಸ ಪಾತ್ರೆ ತೊಳೆಯುವುದಲ್ಲ, ನಿಜ. ನಮಗೆ ಮಾತ್ರ ದೊಡ್ಡ ಆಕ್ಷೇಪ ಬರುವುದು ಅಲ್ಲಿಂದಲೇ. ಮೂರು ಮನೆಯ ಮುಸುರೆ ತಿಕ್ಕುವ ಹೆಂಗಸಿಗೆ ಕೈ ನೆನೆಸಬೇಡ ಎನ್ನುವುದು ಉಪಚಾರವೇ? ಉಗುರುಸುತ್ತು ಆಗಿ ಬೆರಳು ಬಾತುಕೊಂಡರೂ ಅವಳ ಕೈ ನೀರಿನಲ್ಲೇ ಇರುತ್ತದೆ. ರಬ್ಬರ್ ಕೈಗವಸು ಹಾಕಿಕೊ ಎಂದರೆ ಪಾತ್ರೆ ಜಾರುತ್ತದೆ, ಜಿಡ್ಡು ಹೋಯಿತೋ ಇಲ್ಲವೋ ಕೈಗೆ ಗೊತ್ತಾಗುವುದಿಲ್ಲ ಎನ್ನುತ್ತಾರೆ, ಆ ಮಾತಿನಲ್ಲಿ ಸುಳ್ಳಿಲ್ಲ. ಒಳಗೆ ಹತ್ತಿಯ ಅಸ್ತರು, ಹೊರಗೆ ಹಿಡಿತಕ್ಕೆ ಗೀರುಗಳಿರುವ ಕೈಗವಸು ಸಿಗುತ್ತದೆ. ಅಸ್ತರು ಬೆವರು ಹೀರುತ್ತದೆ, ಇಲ್ಲದಿದ್ದರೆ ಬೆವರೇ ಉಗುರನ್ನು ನೆನೆಸೀತು. ಅದರ ದುಡ್ಡು ತೊಳೆಯುವವಳ ಸಂಬಳದಿಂದ ಹೋಗಬೇಕಾದದ್ದಲ್ಲ. ಸೋಪಿನ ಬಿಲ್ಲೆ, ತೆಂಗಿನ ನಾರು ತಂದಿಡುವ ಮನೆಯವರೇ ಅದನ್ನೂ ತಂದು ಸಿಂಕಿನ ಪಕ್ಕ ತೂಗುಹಾಕಿದರಾಯಿತು.