ಹೆಸರು ಕೇಳುವ ಪಾಠ

ಜಮಖಂಡಿಯಲ್ಲಿ ಹನ್ನೊಂದು ವರ್ಷ ನರ್ಸಾಗಿ ದುಡಿದ ನನ್ನ ಅಕ್ಕನ ಮಗಳು ಈಗ ಮತ್ತೆ ವಿದ್ಯಾರ್ಥಿನಿ. ಇಂಗ್ಲೆಂಡಿಗೆ ಹೋದಮೇಲೆ ‘ಓಸ್ಕಿ’ ಎಂಬ ಪ್ರಾಯೋಗಿಕ ಪರೀಕ್ಷೆಯಂತೆ. 2021ರಿಂದ ಅದಕ್ಕೆ ಹತ್ತು ಘಟ್ಟ. ಸೂಜಿ ಚುಚ್ಚುವುದು ಅವಳಿಗೆ ಹೊಸತಲ್ಲ. ಅದಕ್ಕೆ ಮೊದಲು ಕೈ ತೊಳೆದು, ಹೆಸರು, ಜನ್ಮದಿನ, ಒಗ್ಗದ ಔಷಧ ಕೇಳಿ, ಒಪ್ಪಿಗೆ ಪಡೆಯುವುದೇ ಕಲಿಕೆ.

ಪಡಸಾಲೆಯಲ್ಲಿ ನಮ್ಮ ಅವ್ವನೇ ರೋಗಿ.

“ನಿಮ್ಮನ್ನ ಏನಂತ ಕರೀಲಿ?”

“ಆಯೀ ಅನ್ನೂದು ಮರತೀ ಏನ?”

ಜನ್ಮದಿನ? ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ ವರ್ಷ! ಹುಡುಗಿ 1948 ಎಂದು ಬರೆದುಕೊಂಡಳು. ತಾರೀಖು ದೇವರಿಗೇ ಗೊತ್ತು.

“ನಾಡಿ ನೋಡಲೇನ್ರೀ?”

ಅವ್ವ ಕೈ ಚಾಚಿದಳು. “ಹ್ವಾದ ವರ್ಷ ಎಂಟು ದಿನ ದವಾಖಾನ್ಯಾಗ ಇದ್ದೆ. ಹಿಂಗ ಯಾರೂ ಕೇಳಲಿಲ್ಲ ನೋಡವ್ವ.”

ಹುಡುಗಿ ಗಡಿಯಾರ ನೋಡುತ್ತ ಮೆಲ್ಲಗೆ ಅಂದಳು: “ನಾನೂ ಯಾರನ್ನೂ ಕೇಳಿಲ್ಲ, ಆಯಿ.”