ಷರತ್ತು ಸಂಖ್ಯೆ 14

ಸ್ವಲ್ಪ ಉದ್ದ ಬರಹ. ಪುರುಸೊತ್ತಾದಾಗ ಓದಿ, ಆದ್ರೆ ಪೂರ್ತಿ ಓದಿ.

ಕಳೆದ ವರ್ಷ ನಮ್ಮೂರಿನ ಪುರಸಭೆ ಒಂದು ಟೆಂಡರ್ ಕರೀತು. ಸಕ್ಕಿಂಗ್, ಜೆಟ್ಟಿಂಗ್ ಗಾಡಿಗೆ ಡ್ರೈವರ್ ಮತ್ತು ಸಹಾಯಕರನ್ನು ಒದಗಿಸಿ ಒಂದು ವರ್ಷ ನಡೆಸಿಕೊಡುವ ಸೇವೆ. ಗಾಡಿ ಪುರಸಭೆಯದು, ಆಳುಗಳು ಕಂಟ್ರಾಕ್ಟರ್‌ನವರು. ಮಲಗುಂಡಿ ತುಂಬಿದ್ರೆ, ಮ್ಯಾನ್‌ಹೋಲ್ ಕಟ್ಟಿಕೊಂಡ್ರೆ ಹೋಗೋದು ಇದೇ ಗಾಡಿ. ಊರಿನ ಹೆಸರು ಬರೀತಿಲ್ಲ. ನಿಮ್ಮೂರಿನ ಟೆಂಡರ್ ತೆಗೆದು ನೋಡಿದ್ರೂ ಇದೇ ಸಾಲುಗಳು ಸಿಗಬಹುದು.

ನಮ್ಮ ಕಾಲೋನಿಯ ಆರು ಹುಡುಗರು ಸೇರಿ ಒಂದು ಪಾಲುದಾರಿಕೆ ಸಂಸ್ಥೆ ಮಾಡಿಕೊಂಡಿದ್ರು. ಇಬ್ಬರ ಹತ್ರ ಹೆವಿ ಲೈಸೆನ್ಸ್ ಇತ್ತು. ಪೋರ್ಟಲ್‌ನಲ್ಲಿ ನೋಂದಣಿ ಆಯ್ತು, ಡಿಜಿಟಲ್ ಸಹಿಯೂ ಆಯ್ತು. "ಅಣ್ಣ, ಇಷ್ಟು ವರ್ಷ ಬೇರೆಯವರ ಕೈಕೆಳಗೆ ಮಾಡಿದ್ದೀವಿ, ಈ ಸಲ ನಾವೇ ಹಾಕ್ತೀವಿ" ಅಂದ್ರು. ಟೆಂಡರ್ ದಾಖಲೆ ಪೂರ್ತಿ ಇಂಗ್ಲಿಷ್‌ನಲ್ಲಿತ್ತು. ಅಂಬೇಡ್ಕರ್ ಭವನದ ಜಗಲಿ ಮೇಲೆ ಕೂತು ನಾನು ಒಂದೊಂದೇ ಷರತ್ತು ಓದಿ ಕನ್ನಡದಲ್ಲಿ ಹೇಳ್ತಾ ಹೋದೆ.

ಅಂದಾಜು ಮೊತ್ತ 28 ಲಕ್ಷ. ಟೆಂಡರ್ ಹಾಕುವವನ ಹಿಂದಿನ ಮೂರು ವರ್ಷದ ಸರಾಸರಿ ವಹಿವಾಟು ಮಾತ್ರ 60 ಲಕ್ಷ ಇರಬೇಕು. ಇಂಥದ್ದೇ ಕೆಲಸ ಮೂರು ವರ್ಷ ಮಾಡಿದ ಅನುಭವ ಪ್ರಮಾಣಪತ್ರ ಬೇಕು. ಪಿಎಫ್, ಇಎಸ್‌ಐ, ಕಾರ್ಮಿಕ ಪರವಾನಗಿ ಬೇಕು. ಈ ಕೊನೆಯದಕ್ಕೆ ನಮ್ಮ ತಕರಾರಿಲ್ಲ, ಅದು ಇರಲೇಬೇಕು. ಆದ್ರೆ ಅನುಭವದ ಮಾತು ಕೇಳಿ ಹುಡುಗರು ನಕ್ಕುಬಿಟ್ಟರು. ಅಲ್ಲೇ ಕೂತಿದ್ದ ನನ್ನ ಚಿಕ್ಕಪ್ಪ 22 ವರ್ಷ ಗುಂಡಿಗೆ ಇಳಿದವನು. ಮುಚ್ಚಳ ತೆಗೆದಾಗ ಜಿರಳೆ ಓಡಾಡ್ತಿದ್ರೆ ಒಳಗೆ ಗಾಳಿ ಐತೆ, ಸತ್ತು ಬಿದ್ದಿದ್ರೆ ಇಳೀಬಾರದು ಅಂತ ಲೆಕ್ಕ ಹಾಕಿ ಬದುಕಿ ಬಂದವನು. ಅವನ ಹತ್ರ ಒಂದು ಚೀಟಿಯೂ ಇಲ್ಲ. ಪ್ರಮಾಣಪತ್ರ ಇರೋದು ಅವನಿಗೆ ಕೂಲಿ ಕೊಟ್ಟವನ ಹತ್ರ.

ಆಮೇಲೆ ಷರತ್ತು 14 ಬಂತು. ಯಂತ್ರದಿಂದ ಅಡಚಣೆ ತೆಗೆಯಲು ಸಾಧ್ಯವಾಗದ ಕಡೆ ಗುತ್ತಿಗೆದಾರನು ತನ್ನ ಸಹಾಯಕರ ಮೂಲಕ ಅದನ್ನು ತೆರವುಗೊಳಿಸತಕ್ಕದ್ದು, ಅಂತ. ಚಿಕ್ಕಪ್ಪ ತಲೆ ಎತ್ತಿ ಕೇಳಿದ: "ಅಂದ್ರೆ, ಇಳೀಬೇಕು ಅಂತ ತಾನೆ?"

ಹೌದು ಚಿಕ್ಕಪ್ಪ, ಇಳೀಬೇಕು ಅಂತಾನೇ. ಷರತ್ತು 22ರಲ್ಲಿ ಇನ್ನೊಂದಿತ್ತು: ಕೆಲಸದ ವೇಳೆ ಏನೇ ಅವಘಡ, ಜೀವಹಾನಿ ಆದರೂ ಗುತ್ತಿಗೆದಾರನೇ ಹೊಣೆ, ಪುರಸಭೆ ಹೊಣೆಯಲ್ಲ. ದರಪಟ್ಟಿಯಲ್ಲಿ ಗ್ಲೌಸು, ಮಾಸ್ಕು, ಆಮ್ಲಜನಕ, ಗ್ಯಾಸ್ ಪರೀಕ್ಷೆ ಮಾಡುವ ಉಪಕರಣ, ಯಾವುದಕ್ಕೂ ಒಂದು ಪೈಸೆ ಇಟ್ಟಿರಲಿಲ್ಲ.

ಅವತ್ತು ರಾತ್ರಿ ನಮ್ಮೊಳಗೇ ಜಗಳ ಆಯ್ತು. ಹುಡುಗರ ವಾದ, ಮೊದಲು ವಹಿವಾಟು, ಅನುಭವದ ಷರತ್ತು ಇಳಿಸೋಕೆ ಕೇಳೋಣ, 14ರ ವಿಷಯ ಎತ್ತಿದ್ರೆ ಆಫೀಸಿನವರು ಉರಿದು ಬೀಳ್ತಾರೆ, ಇರೋ ಅವಕಾಶವೂ ಹೋಗುತ್ತೆ ಅಂತ. ನನ್ನ ವಾದ, ಆ ಷರತ್ತಿಗೆ ಸಹಿ ಹಾಕಿ ನಾವೇ ಕಂಟ್ರಾಕ್ಟರ್ ಆದ್ರೂ ಇಳಿಯೋನು ನಮ್ಮ ಹುಡುಗನೇ, ಸತ್ತರೆ ಜೈಲಿಗೆ ಹೋಗೋನೂ ನಮ್ಮ ಹುಡುಗನೇ. ಕೊನೆಗೆ ಅರ್ಜಿ ಬರೆದವನು ನಾನು. 14ನ್ನೇ ಮೊದಲು ಬರೆದೆ.

ಅರ್ಜಿಯಲ್ಲಿ ಬರೆದದ್ದು ಇಷ್ಟು. ಮ್ಯಾನ್ಯುಯಲ್ ಸ್ಕ್ಯಾವೆಂಜರ್‌ಗಳ ನೇಮಕಾತಿ ನಿಷೇಧ ಮತ್ತು ಪುನರ್ವಸತಿ ಕಾಯ್ದೆ 2013ರ ಸೆಕ್ಷನ್ 7ರ ಪ್ರಕಾರ ಯಾವ ಸ್ಥಳೀಯ ಸಂಸ್ಥೆಯೂ ನೇರವಾಗಿ ಆಗಲಿ, ಬೇರೆಯವರ ಮೂಲಕ ಆಗಲಿ, ಒಳಚರಂಡಿ, ಮಲಗುಂಡಿಯ ಅಪಾಯಕಾರಿ ಸ್ವಚ್ಛತೆಗೆ ಯಾರನ್ನೂ ತೊಡಗಿಸುವ ಹಾಗಿಲ್ಲ. ಸೆಕ್ಷನ್ 9ರಲ್ಲಿ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಕಂಟ್ರಾಕ್ಟರ್ ನಡುವೆ ನಿಂತ ಮಾತ್ರಕ್ಕೆ ಪುರಸಭೆ ಪಾರಾಗೋದಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವಿಗೆ 10 ಲಕ್ಷ ಪರಿಹಾರ ಅಂದಿತ್ತು. 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಹೊರಗುತ್ತಿಗೆಯಲ್ಲಿ ಸಾವಾದ್ರೂ ಹೊಣೆ ನಿಗದಿಯಾಗಬೇಕು, ಗುತ್ತಿಗೆ ರದ್ದಾಗಬೇಕು ಅಂತಲೂ ಹೇಳಿತು.

ಟೆಂಡರ್ ಪೂರ್ವ ಸಭೆಗೆ ಹೋದ್ವಿ. ಇಂಜಿನಿಯರ್ ಸಾಹೇಬರು ಅರ್ಜಿ ಓದಿ, "ಇದೆಲ್ಲಾ ಸ್ಟ್ಯಾಂಡರ್ಡ್ ಕಂಡೀಷನ್ ರೀ. ಹೋದ ವರ್ಷದ್ದೇ ಕಾಪಿ. ಯಾರನ್ನೂ ಇಳಿಸಲ್ಲ ಬಿಡಿ" ಅಂದ್ರು.

"ಇಳಿಸಲ್ಲ ಅಂದ್ರೆ ಆ ಸಾಲು ಯಾಕೆ ಸರ್? ತೆಗೆದುಬಿಡಿ" ಅಂದೆ.

ಸುಮ್ಮನಾದ್ರು. ನಮ್ಮ ಆಕ್ಷೇಪಣೆಯನ್ನು ನಡಾವಳಿಯಲ್ಲಿ ಬರೆದುಕೊಳ್ಳಿ, ತಿರಸ್ಕರಿಸೋದಾದ್ರೆ ಕಾರಣ ಬರೆದು ಸಹಿ ಹಾಕಿ ಅಂತ ಕೂತ್ವಿ. ಬಾಯಿಮಾತಲ್ಲಿ ಮುಗಿಸೋದು ಸುಲಭ, ಸಹಿ ಹಾಕೋದು ಕಷ್ಟ. ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಕೊಟ್ಟು ಸ್ವೀಕೃತಿ ತಗೊಂಡ್ವಿ.

ಒಂಬತ್ತು ದಿನಕ್ಕೆ ತಿದ್ದುಪಡಿ ಬಂತು. ಷರತ್ತು 14 ಹೋಗಿ, ಅದರ ಜಾಗದಲ್ಲಿ "ಯಾವುದೇ ಸಂದರ್ಭದಲ್ಲಿ ಯಾವುದೇ ವ್ಯಕ್ತಿಯನ್ನು ಗುಂಡಿಯೊಳಗೆ ಇಳಿಸತಕ್ಕದ್ದಲ್ಲ" ಅಂತ ಬಂತು. ಸುರಕ್ಷಾ ಸಲಕರಣೆಗೆ ಬೇರೆ ದರ ಸೇರಿಸಿದ್ರು. ಷರತ್ತು 22 ಹಾಗೇ ಉಳೀತು. 60 ಲಕ್ಷದ ವಹಿವಾಟು, ಮೂರು ವರ್ಷದ ಅನುಭವ, ಅವೂ ಹಾಗೇ ಉಳಿದ್ವು.

ನಮ್ಮ ಹುಡುಗರಿಗೆ ಟೆಂಡರ್ ಹಾಕೋಕೆ ಆಗಲಿಲ್ಲ. ಹಳೇ ಕಂಟ್ರಾಕ್ಟರ್‌ಗೇ ಆಯ್ತು.

ಅವರಲ್ಲಿ ಒಬ್ಬ ಬಂದು ಹೇಳಿದ: "ಅಣ್ಣ, ನಿನ್ನ ಕಾನೂನು ಗೆಲ್ತು. ನಮ್ಮ ಹೊಟ್ಟೆ?" ಆವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತೂ ಪೂರ್ತಿ ಇಲ್ಲ. ಟೆಂಡರ್‌ನಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95 ಮೀಸಲಾತಿ 2017ರಲ್ಲಿ ಬಂತು ಅಂತ ನಾವೆಲ್ಲ ಸಂಭ್ರಮಪಟ್ಟವರೇ. ಆದ್ರೆ ಅದು ಬಂದದ್ದು ಕಾಮಗಾರಿಗಳಿಗೆ. ಗುಂಡಿ ಬಳಿಯೋದು ಸರ್ಕಾರದ ಭಾಷೆಯಲ್ಲಿ ಕಾಮಗಾರಿ ಅಲ್ಲ, 'ಸೇವೆ'. ತಲೆಮಾರುಗಳಿಂದ ಮಾಡಿಸಿಕೊಂಡ ಕೆಲಸದಲ್ಲಿ ಮೈ ನಮ್ಮದು, ಬಿಲ್ಲು ಇನ್ನೊಬ್ಬರದು.

ಹೋದ ಮಳೆಗಾಲದಲ್ಲಿ ಬಸ್ ಸ್ಟ್ಯಾಂಡ್ ಹಿಂದಿನ ಮ್ಯಾನ್‌ಹೋಲ್ ಉಕ್ಕಿ ಹರೀತು. ಜೆಟ್ಟಿಂಗ್ ಹೊಡೆದ್ರೂ ಬಿಡಲಿಲ್ಲ. ಅಂಗಡಿಯವರ ಗಲಾಟೆ ಶುರುವಾಯ್ತು. ಸೂಪರ್‌ವೈಸರ್ ಸಹಾಯಕನಿಗೆ ಹೇಳಿದ, "ಎರಡು ನಿಮಿಷದ ಕೆಲಸ, ಇಳಿದು ಸಲಾಕೆ ಹಾಕು, ಐನೂರು ಜಾಸ್ತಿ ಕೊಡ್ತೀನಿ." ಆ ಸಹಾಯಕ ಬೇರೆ ಯಾರೂ ಅಲ್ಲ, ಹೊಟ್ಟೆಯ ಪ್ರಶ್ನೆ ಕೇಳಿದ್ದ ಅದೇ ಹುಡುಗ. ಟೆಂಡರ್ ತಪ್ಪಿದ ಮೇಲೆ ಹಳೇ ಕಂಟ್ರಾಕ್ಟರ್ ಕೈಕೆಳಗೇ ಸೇರಿದ್ದ. ಅವನು ಮೊಬೈಲ್ ತೆಗೆದು ತಿದ್ದುಪಡಿಯ ಹಾಳೆ ತೋರಿಸಿದ. ಪಕ್ಕದ ತಾಲ್ಲೂಕಿಂದ ದೊಡ್ಡ ಗಾಡಿ ಬಂದಾಗ ಸಂಜೆ ಆರು ಗಂಟೆ. ಅಷ್ಟು ಹೊತ್ತು ಊರು ಮೂಗು ಮುಚ್ಚಿಕೊಂಡು ಕಾಯ್ತು. ಕಾಯಲಿ.

ರಾತ್ರಿ ಅವನು ಫೋನ್ ಮಾಡಿ, "ಅಣ್ಣ, ಇಳೀಲಿಲ್ಲ" ಅಂತಷ್ಟೇ ಹೇಳಿ ಇಟ್ಟ.

ಈ ವರ್ಷದ ಟೆಂಡರ್ ಮುಂದಿನ ತಿಂಗಳು ಬರುತ್ತೆ. ಈ ಸಲ 22 ಮತ್ತು ವಹಿವಾಟಿನ ಷರತ್ತು ಎರಡನ್ನೂ ಒಟ್ಟಿಗೆ ಹಿಡೀತೀವಿ. 22 ವರ್ಷ ಇಳಿದವರಿಗೆ ಪುರಸಭೆಯೇ ಅನುಭವ ಪತ್ರ ಕೊಡಲಿ ಅಂತ ಚಿಕ್ಕಪ್ಪನ ಹೆಸರಲ್ಲೇ ಅರ್ಜಿ ಹಾಕಿದ್ದೀವಿ.

ನೀವು ಮಾಡಬೇಕಾದ್ದು ಇಷ್ಟೇ. ನಿಮ್ಮೂರಿನ ಪುರಸಭೆ, ಪಟ್ಟಣ ಪಂಚಾಯಿತಿಯ ಸಕ್ಕಿಂಗ್ ಗಾಡಿಯ ಟೆಂಡರ್ ದಾಖಲೆ ತೆಗೀರಿ. ಪೋರ್ಟಲ್‌ನಲ್ಲಿ ಸಿಗದಿದ್ರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಯಂತ್ರ ಸೋತಾಗ ಏನು ಮಾಡಬೇಕು ಅಂತ ಬರೆದಿದ್ದಾರೆ, ಸಲಕರಣೆಗೆ ಎಷ್ಟು ದುಡ್ಡಿಟ್ಟಿದ್ದಾರೆ, ಸತ್ತರೆ ಯಾರು ಹೊಣೆ ಅಂತಿದ್ದಾರೆ, ಈ ಮೂರು ನೋಡಿ. ಕಾಲೋನಿಯಲ್ಲಿ ಕೂತು ಜೋರಾಗಿ ಕನ್ನಡದಲ್ಲಿ ಓದಿ ಹೇಳಿ. ಆಕ್ಷೇಪಣೆಯನ್ನು ಟೆಂಡರ್ ತೆರೆಯೋ ಮೊದಲೇ, ಬರವಣಿಗೆಯಲ್ಲೇ ಕೊಡಿ. ಸ್ವೀಕೃತಿ ಮರೀಬೇಡಿ. ನಮ್ಮ ಅರ್ಜಿಯ ಪ್ರತಿ ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ, ಕಳಿಸ್ತೀನಿ.

ಜೈ ಭೀಮ್.