ಜೆ.ಸಿ. ರೋಡಿನಿಂದ ತಿಪಟೂರಿಗೆ: ಹಳೇ ಕಾರು, ಬೇರೆ ಎಂಜಿನ್

ಬೆಂಗಳೂರಿನ ಜೆ.ಸಿ. ರೋಡ್ ಒಂದೇ ರಸ್ತೆಯಾದರೂ ಎರಡು ಥರದ ಜನರಿಗೆ ಎರಡು ಥರ ಕಾಣುತ್ತೆ. ನಾಟಕ, ಸಂಗೀತ ಅಂತ ಓಡಾಡುವವರಿಗೆ ಅದು ರವೀಂದ್ರ ಕಲಾಕ್ಷೇತ್ರದ ರಸ್ತೆ. ಟಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ ಆ ಕಟ್ಟಡ, ಅದರಾಚೆ 1935ರ ಟೌನ್ ಹಾಲ್, ಅಷ್ಟೇ ಅವರಿಗೆ ಗೊತ್ತು. ಕಾರು ಇಟ್ಟುಕೊಂಡವರಿಗೆ ಮಾತ್ರ ಅದು ಸೀಟ್ ಕವರ್, ಹಾರ್ನ್, ಬಂಪರ್, ಮ್ಯಾಟ್‌ಗಳ ರಸ್ತೆ. ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್‌ವರೆಗೆ ನಡೆದರೆ ಫುಟ್‌ಪಾತ್ ಮೇಲೆ ನಿಂತ ಹುಡುಗರು ನಿಮ್ಮ ಕೈಯಲ್ಲಿರುವ ಕೀ ನೋಡಿಯೇ "ಯಾವ ಗಾಡಿ ಸಾರ್?" ಅಂತ ಕೇಳುತ್ತಾರೆ. "ಮಾರುತಿ 800, 1998ರ ಮಾಡೆಲ್" ಅಂದರೆ ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ಒಳಗೆ ನೋಡಿ ಕೂಗುತ್ತಾರೆ, "ಅಣ್ಣಾ, ಎಂಟ್ನೂರು ಬಂದೈತೆ!"

ಈ ಎಂಟ್ನೂರು ನಮ್ಮ ಅಪ್ಪನದು. ತಿಪಟೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಾಗ ಸೊಸೈಟಿ ಸಾಲ ತೆಗೆದು ಕೊಂಡದ್ದು. ಅಪ್ಪನಿಗೆ ಈಗ 68. ಅಮ್ಮನ ಅಕ್ಕ ಇರುವ ಹಳ್ಳಿಗೆ ಸಾಯಂಕಾಲ ಐದರ ಮೇಲೆ ಬಸ್ಸಿಲ್ಲ, ದೊಡ್ಡಮ್ಮನಿಗೆ ಮಂಡಿನೋವು, ಅಮ್ಮನಿಗೂ ಅದೇ. ವಾರಕ್ಕೊಮ್ಮೆ ಇಬ್ಬರನ್ನೂ ಕೂರಿಸಿಕೊಂಡು ಆಸ್ಪತ್ರೆ, ಸಂತೆ, ದೇವಸ್ಥಾನ ಅಂತ ಸುತ್ತಿಸೋದು ಈ ಕಾರೇ. 2023ರಲ್ಲಿ ಅದರ ನೋಂದಣಿಯ ಅವಧಿ ಮುಗಿಯುವುದರಲ್ಲಿತ್ತು. ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2013, 2018 ದಾಟಿಯಾಗಿತ್ತು. ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600ರಿಂದ 5,000 ರೂಪಾಯಿಗೆ ಏರಿತ್ತು. ಅದು ದೊಡ್ಡದಲ್ಲ. ದೊಡ್ಡದು ಹೊಗೆ.

ಹೊಗೆ ತಪಾಸಣೆಯಲ್ಲಿ ಕಾರು ಫೇಲಾಯಿತು. ಬಿಎಸ್-2 ಬರುವುದಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಇಂಗಾಲದ ಮಾನಾಕ್ಸೈಡ್ ಶೇಕಡಾ 3, ಹೈಡ್ರೋಕಾರ್ಬನ್ 1,500 ಪಿಪಿಎಂವರೆಗೆ ವಿನಾಯಿತಿ ಇದೆ. ನಮ್ಮದು ಹೈಡ್ರೋಕಾರ್ಬನ್‌ನಲ್ಲಿ 2,000 ದಾಟಿತ್ತು. ಎಂಜಿನ್ ಆಯಿಲ್ ಕುಡಿದು ನೀಲಿ ಹೊಗೆ ಬಿಡುತ್ತಿತ್ತು. ಅಪ್ಪನ ಹತ್ತಿರ 1998ರಿಂದ ಬರೆದಿಟ್ಟ ಒಂದು ನೋಟ್‌ಬುಕ್ ಇದೆ. ತಾರೀಖು, ಕಿಲೋಮೀಟರ್, ಪೆಟ್ರೋಲ್, ಆಯಿಲ್ ಎಲ್ಲಾ ಅದರಲ್ಲಿವೆ. ನಾನು ಆಫೀಸಿನಲ್ಲಿ ದಿನಾ ಸರ್ವರ್ ಲಾಗ್ ಓದುವವನು. ಈ ಲಾಗ್ ಓದೋಕೆ ಐದು ನಿಮಿಷ ಸಾಕಾಯಿತು: ಆಯಿಲ್ ಹಾಕಿದ ಸಾಲುಗಳು ಮೊದಲು ಮೂರು ತಿಂಗಳಿಗೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಕೊನೆಯ ಪುಟದಲ್ಲಿ ವಾರಕ್ಕೊಮ್ಮೆ.

ಗುಜರಿಗೆ ಹಾಕೋಣ, ನಾನೇ ಹೊಸದು ಕೊಡಿಸುತ್ತೇನೆ ಅಂದೆ. ಅಪ್ಪ ಜಗಳ ಮಾಡಲಿಲ್ಲ. "ಹೊಸ ಕಾರು ತಗೋ, ನೀನು ಓಡಿಸು. ನಾನು ಈ ವಯಸ್ಸಲ್ಲಿ ಹೊಸ ಕ್ಲಚ್ಚು ಕಲಿಯಲ್ಲ" ಅಂದರು. ಅದರ ಅರ್ಥ ಕಾರು ಹೋದರೆ ಅವರ ಓಡಾಟವೂ ಹೋಯಿತು ಅಂತ. ಅಲ್ಲಿಗೆ ಲೆಕ್ಕ ಬೇರೆಯಾಯಿತು.

ದಾರಿಯಲ್ಲಿ ಎರಡು ಸಲ ಆಯಿಲ್ ಹಾಕುತ್ತಾ ಕಾರನ್ನು ಬೆಂಗಳೂರಿಗೆ ತಂದೆ. ಗ್ಯಾರೇಜಿನ ಮೇಸ್ತ್ರಿ ಕಂಪ್ರೆಷನ್ ಗೇಜ್ ಹಾಕಿ ನೋಡಿದರು. ಮೂರು ಸಿಲಿಂಡರ್‌ನಲ್ಲಿ 8, 5, 8. ನಡುವಿನದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೆ 5 ಇದ್ದದ್ದು 8ಕ್ಕೆ ಏರಿತು. ಆಯಿಲ್ ಬಿಟ್ಟಾಗ ಒತ್ತಡ ಏರಿದರೆ ತೂತು ಇರೋದು ಪಿಸ್ಟನ್ ರಿಂಗ್ ಪಕ್ಕದಲ್ಲಿ, ಏರದಿದ್ದರೆ ವಾಲ್ವ್‌ನಲ್ಲಿ. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟ ಹಾಗೆ ಸರಳ ಪರೀಕ್ಷೆ. ತಲೆ ಬಿಚ್ಚಿದಾಗ ಸಿಲಿಂಡರ್ ಗೋಡೆಯ ಮೇಲೆ ಉಗುರಿಗೆ ಸಿಗುವಷ್ಟು ಗೀರು. ಹಿಂದೊಮ್ಮೆ ಬೋರ್ ಮಾಡಿ ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಿಯಾಗಿತ್ತು. ಅದಕ್ಕಿಂತ ದೊಡ್ಡದು ನಮಗೆ ಸಿಗಲಿಲ್ಲ. ಸ್ಲೀವ್ ಹಾಕಿಸಬಹುದು, ಆದರೆ ಅದರ ಖರ್ಚು ಇನ್ನೊಂದು ಎಂಜಿನ್ನಿನ ಹತ್ತಿರಕ್ಕೆ ಬರುತ್ತೆ. "ಎಂಜಿನ್ನೇ ಬದಲಾಯಿಸಿ ಸಾರ್" ಅಂದರು ಮೇಸ್ತ್ರಿ.

ಹಾಗಾಗಿ ಶಿವಾಜಿನಗರ. ರಸೆಲ್ ಮಾರ್ಕೆಟ್ಟಿನ ತರಕಾರಿ, ಹೂವು, ಮೀನಿನ ವಾಸನೆ ದಾಟಿ ಹಿಂದಿನ ಗಲ್ಲಿಗಳಿಗೆ ಹೋದರೆ ಗುಜರಿ ಸಿಗುತ್ತೆ. ಒಂದು ಅಂಗಡಿ ತುಂಬಾ ಬರೀ ಬಾಗಿಲು, ಇನ್ನೊಂದರಲ್ಲಿ ಬರೀ ರೇಡಿಯೇಟರ್, ಮತ್ತೊಂದರಲ್ಲಿ ಗೇರ್‌ಬಾಕ್ಸುಗಳನ್ನು ತೆಂಗಿನಕಾಯಿ ರಾಶಿ ಹಾಕಿದ ಹಾಗೆ ಪೇರಿಸಿದ್ದಾರೆ. ದಖನಿ ಉರ್ದು, ತಮಿಳು, ಕನ್ನಡ ಮೂರೂ ಒಂದೇ ವಾಕ್ಯದಲ್ಲಿ ಕೇಳಿಸುತ್ತವೆ. ಭಾಷೆ ಯಾವುದಾದರೂ ಪಾರ್ಟಿನ ಹೆಸರು ಮಾತ್ರ ಎಲ್ಲರಿಗೂ ಒಂದೇ.

ಮಾರುತಿ 800ರ ಎಂಜಿನ್ನಿಗೆ ಎಫ್8ಬಿ ಅಂತ ಹೆಸರು. 68.5 ಮಿಲಿಮೀಟರ್ ಬೋರ್, 72 ಮಿಲಿಮೀಟರ್ ಸ್ಟ್ರೋಕ್, ಮೂರು ಸಿಲಿಂಡರ್, ಒಟ್ಟು 796 ಸಿಸಿ. ಚಿಕ್ಕದು, ಹಗುರ, ಚೈನ್ ಪುಲ್ಲಿ ಒಂದಿದ್ದರೆ ಇಬ್ಬರು ಇಳಿಸಿ ಏರಿಸಬಹುದು. ನನಗೆ ಆಸೆ ಇದ್ದದ್ದು ಆಮೇಲೆ ಬಂದ ಎಂಪಿಎಫ್ಐ ಎಂಜಿನ್ ಮೇಲೆ. ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್, ಅದಕ್ಕೊಂದು ಪುಟ್ಟ ಕಂಪ್ಯೂಟರ್. ನನ್ನಂಥವನಿಗೆ ಅದು ಪರಿಚಿತ ಲೋಕ. ಮೇಸ್ತ್ರಿ ಬೆರಳು ಮಡಿಸಿ ಎಣಿಸಿದರು: ಟ್ಯಾಂಕಿನೊಳಗೆ ಪಂಪ್ ಕೂರಿಸಬೇಕು, ವೈರಿಂಗ್ ಪೂರಾ ಬದಲಾಗಬೇಕು, ಕಾಗದದಲ್ಲಿ ತಕರಾರು ಬರುತ್ತೆ, ಕೊನೆಗೆ ಹಳ್ಳಿ ದಾರಿಯಲ್ಲಿ ಸೆನ್ಸರ್ ಕೆಟ್ಟು ನಿಂತರೆ ನಿಮ್ಮಪ್ಪ ಏನು ಮಾಡ್ತಾರೆ? ಕಾರ್ಬ್ಯುರೇಟರ್ ಆದರೆ ಸ್ಕ್ರೂ ಡ್ರೈವರ್ ಹಿಡಿದ ಯಾರಾದರೂ ಸರಿಮಾಡ್ತಾರೆ. ನಾನು ಒಪ್ಪಿದೆ. ಓಡಿಸುವವರಿಗೆ ಯಾವುದು ಸುಲಭವೋ ಅದೇ ಒಳ್ಳೇ ಡಿಸೈನ್.

ಕಾಗದದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಇದು ಬಹಳ ಜನರಿಗೆ ಗೊತ್ತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಒತ್ತಿ ಹೇಳಿದೆ. ಹಾಗಾಗಿ ಪುಟ್ಟ ಕಾರಿಗೆ ದೊಡ್ಡ ಎಂಜಿನ್ ಹಾಕಿ ವಿಡಿಯೋ ಮಾಡುವವರ ದಾರಿ ನಮ್ಮದಲ್ಲ. ಅದೇ ಕಂಪನಿಯ, ಅದೇ ಥರದ ಎಂಜಿನ್ ಹಾಕಿದರೂ ಎಂಜಿನ್ ನಂಬರ್ ಬದಲಾಗುತ್ತೆ. ಅದು ಆರ್‌ಸಿಯಲ್ಲಿ ಸೇರಬೇಕು, ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು. ಇಲ್ಲದಿದ್ದರೆ ನಾಳೆ ಏನಾದರೂ ಅಪಘಾತವಾದಾಗ ಕ್ಲೇಮ್ ನಿಂತು ಹೋಗಬಹುದು. ಅದಕ್ಕೇ ಎಂಜಿನ್ ಹುಡುಕುವ ಮೊದಲೇ ತಿಪಟೂರಿನ ಆರ್‌ಟಿಒ ಕಚೇರಿಯಲ್ಲಿ ಅರ್ಜಿ ಹಾಕಿದ್ದೆವು.

ಗುಜರಿಯಲ್ಲಿ ಈ ಕಾಗದಕ್ಕೂ ಒಂದು ಬೆಲೆ ಇದೆ. ಬಿಲ್ ಇಲ್ಲದ ಎಂಜಿನ್ 14,000, ಬಿಲ್ ಇದ್ದದ್ದು 21,000. ಬಿಲ್ ಇಲ್ಲದ್ದು ಯಾವ ಮನೆ ಮುಂದಿನಿಂದ ಮಾಯವಾದ ಕಾರಿನದೋ ಯಾರಿಗೆ ಗೊತ್ತು? ನಾವು ಕೊಂಡದ್ದು ಹಿಂದಿನಿಂದ ಲಾರಿ ಗುದ್ದಿ ನೋಂದಣಿ ರದ್ದಾದ ಕಾರಿನ ಎಂಜಿನ್. ಅದರ ಆರ್‌ಸಿ ರದ್ದಾದ ಪತ್ರದ ನಕಲು, ಮಾರಿದವರ ರಸೀದಿ ಎರಡೂ ಸಿಕ್ಕವು. ಅಂಗಡಿಯ ಹಿರಿಯರು ಎಂಜಿನ್ನನ್ನು ನೆಲದ ಮೇಲೆ ಟೈರಿನಲ್ಲಿ ಕೂರಿಸಿ, ಬ್ಯಾಟರಿ ಕೊಟ್ಟು, ಬಾಟಲಿಯಿಂದ ಪೆಟ್ರೋಲ್ ಬಿಟ್ಟು ಶುರು ಮಾಡಿ ತೋರಿಸಿದರು. ಗೇಜಿನಲ್ಲಿ 11, 11, 10.5. ಅಂಕಿ ದೊಡ್ಡದಿರೋದಕ್ಕಿಂತ ಮೂರೂ ಹತ್ತಿರ ಹತ್ತಿರ ಇರೋದು ಮುಖ್ಯ.

ಗ್ಯಾರೇಜಿನಲ್ಲಿ ಅದಕ್ಕೆ ಹೊಸ ರಿಂಗ್, ಗ್ಯಾಸ್ಕೆಟ್, ಆಯಿಲ್ ಸೀಲ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ಲಚ್ ಪ್ಲೇಟ್ ಎಲ್ಲಾ ಹಾಕಿಸಿದೆವು. ಹೊರಗಿದ್ದಾಗ ಮಾಡಿದರೆ ಪಾರ್ಟಿನ ದುಡ್ಡು ಮಾತ್ರ. ಒಳಗೆ ಕೂರಿಸಿದ ಮೇಲೆ ಮಾಡಿದರೆ ಕೂಲಿ ಇನ್ನೊಂದು ಸಲ. ಪೆಟ್ರೋಲ್ ಪೈಪು, ಕಾರ್ಬ್ಯುರೇಟರ್ ಒಳಗಿನ ರಬ್ಬರ್ ಕೂಡ ಹೊಸದು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಯಕ್ರಮದಲ್ಲೇ ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಬಿಡುಗಡೆಯಾಯಿತಲ್ಲ, ಹಳೇ ರಬ್ಬರಿಗೆ ಎಥೆನಾಲ್ ಆಗಿಬರಲ್ಲ. ಉಬ್ಬುತ್ತೆ, ಬಿರಿಯುತ್ತೆ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿ. ಹಳೇ ಕಾರಿರುವವರು ಎಂಜಿನ್ ಬದಲಾಯಿಸದಿದ್ದರೂ ಈ ಪೈಪುಗಳನ್ನು ಮಾತ್ರ ಒಮ್ಮೆ ನೋಡಿಸಿ.

ಒಳಗಿನ ಕೆಲಸಕ್ಕೆ ಜೆ.ಸಿ. ರೋಡ್. ಸೀಟು ಎತ್ತಿ ಮ್ಯಾಟ್ ಕಿತ್ತಾಗ ಸಿಕ್ಕ ವಸ್ತುಗಳು: ಎಂಟಾಣೆ ಮೂರು, ನನ್ನ ಜ್ಯಾಮಿಟ್ರಿ ಬಾಕ್ಸಿನ ಕೈವಾರ, ಒಂದು ಕೊಬ್ಬರಿ ಚೂರು. ಜೊತೆಗೆ ಡ್ರೈವರ್ ಕಾಲಿನ ಹತ್ತಿರ ಅಂಗೈ ಅಗಲದ ತುಕ್ಕು. ಮಳೆ ನೀರು ಬಾಗಿಲಿನ ರಬ್ಬರಿನಿಂದ ಇಳಿದು ಮ್ಯಾಟಿನ ಕೆಳಗೆ ವರ್ಷಾನುಗಟ್ಟಲೆ ನಿಂತಿತ್ತು. ಹೊಸ ಮ್ಯಾಟ್ ಹಾಕಿ ಮುಚ್ಚಿಬಿಟ್ಟರೆ ಯಾರಿಗೂ ಕಾಣಲ್ಲ, ಆದರೆ ಒಂದು ದಿನ ಕಾಲೇ ಕೆಳಗೆ ಹೋಗುತ್ತೆ. ತುಕ್ಕು ಕತ್ತರಿಸಿ, ತಗಡು ವೆಲ್ಡ್ ಮಾಡಿ, ಪ್ರೈಮರ್ ಬಳಿದು, ಬಾಗಿಲ ರಬ್ಬರ್ ಬದಲಾಯಿಸಿದ ಮೇಲೇ ಉಳಿದದ್ದು.

ಸೀಟಿನ ಅಂಗಡಿಯವರು ಲೆದರ್ ಥರದ್ದು, ಕೆಂಪು ಹೊಲಿಗೆಯದು ಏನೇನೋ ತೋರಿಸಿದರು. ಅಮ್ಮನಿಗೆ ಫೋನಿನಲ್ಲಿ ಫೋಟೋ ಕಳಿಸಿದರೆ ಬಂದ ಉತ್ತರ ಒಂದೇ: "ಬಣ್ಣ ಯಾವುದಾದರೂ ಹಾಕಿಸು, ಕೂತರೆ ಏಳೋಕಾಗಬೇಕು." ಹಳೇ ಫೋಮ್ ಕುಸಿದು ಸೀಟು ತಗ್ಗಾಗಿತ್ತು, ಮಂಡಿನೋವಿನವರಿಗೆ ತಗ್ಗು ಸೀಟಿನಿಂದ ಏಳೋದು ಶಿಕ್ಷೆ. ಗಟ್ಟಿ ಫೋಮ್ ಹಾಕಿಸಿ ಎರಡು ಇಂಚು ಎತ್ತರಿಸಿದೆವು. ಮೇಲೆ ಬೆವರು ಹೀರುವ ಬಟ್ಟೆ, ರೆಕ್ಸಿನ್ ಬೇಡ ಅಂದೆವು. ಬಾಗಿಲಿನ ಒಳಗಿನ ಹಲಗೆ ನೀರು ಕುಡಿದು ಉಬ್ಬಿತ್ತು, ಅದನ್ನೂ ಹೊಸದು ಮಾಡಿಸಿದೆವು. ಎಲ್ಲಾ ಸೇರಿ 70,000ದ ಹತ್ತಿರ. ಮಾರಿದರೆ ಅದರ ಅರ್ಧವೂ ಬರಲ್ಲ. ಮಾರೋಕೆ ಮಾಡಿಸಿದ್ದಲ್ಲವಲ್ಲ.

ಹೊಸ ರಿಂಗ್ ಹಾಕಿದ ಎಂಜಿನ್ನನ್ನು ಮೊದಲ ಸಾವಿರ ಕಿಲೋಮೀಟರ್ ಮೆಲ್ಲಗೆ ಓಡಿಸಬೇಕು; ರಿಂಗು ಗೋಡೆಗೆ ಹೊಂದಿಕೊಳ್ಳೋ ಕಾಲ ಅದು. ಮೇಸ್ತ್ರಿ ಹಾಕಿದ ಗೆರೆ 60. ತುಮಕೂರು ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ 60ರಲ್ಲಿ ಹೋಗೋದು ಅಂದರೆ ಎಲ್ಲರೂ ನಿಮ್ಮನ್ನು ದಾಟೋದನ್ನು ನೋಡುತ್ತಾ ಹೋಗೋದು. ಆದರೆ ಆ ವೇಗದಲ್ಲಿ ಮಾತ್ರ ಕಾಣುವ ವಸ್ತುಗಳಿವೆ. ದಾಬಸ್‌ಪೇಟೆ ಹತ್ತಿರ ಎಡಕ್ಕೆ ಶಿವಗಂಗೆ ಬೆಟ್ಟ ಬಹಳ ಹೊತ್ತು ಜೊತೆಗೇ ಬಂತು. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿ, ಇಡ್ಲಿ ಬರೋದರೊಳಗೆ ಬಾನೆಟ್ ಎತ್ತಿ ಆಯಿಲ್ ಕಡ್ಡಿ ನೋಡಿದೆ. ಗೆರೆ ಇಳಿದಿರಲಿಲ್ಲ. ಗುಬ್ಬಿ ದಾಟಿ ನಿಟ್ಟೂರು, ಕೆ.ಬಿ. ಕ್ರಾಸ್ ಬರುವ ಹೊತ್ತಿಗೆ ಎರಡೂ ಕಡೆ ತೆಂಗಿನ ತೋಟ. ಕನ್ನಡಿಯಲ್ಲಿ ಹಿಂದೆ ನೋಡಿದರೆ ಹೊಗೆ ಇಲ್ಲ, ಬರೀ ರಸ್ತೆ.

ಆರ್‌ಟಿಒ ಕಚೇರಿಯಲ್ಲಿ ಇನ್ಸ್‌ಪೆಕ್ಟರು ಎಂಜಿನ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು, ರಸೀದಿ ಜೊತೆ ಹೋಲಿಸಿದರು. ಹೊಗೆ ತಪಾಸಣೆಯಲ್ಲಿ ಹೈಡ್ರೋಕಾರ್ಬನ್ 400ರ ಒಳಗೆ. ನವೀಕರಣ 2028ರವರೆಗೆ ಸಿಕ್ಕಿತು.

ಒಂದು ಮಾತು ನೇರವಾಗಿ ಹೇಳಬೇಕು. ಎಂಜಿನ್ ಬದಲಾದರೂ ಕಾರು 1998ರದ್ದೇ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ತಗಡು ತೆಳು. 68 ವರ್ಷದವರ ಕೈಗೆ ಅದನ್ನು ಕೊಡುವಾಗ ನನಗೆ ನೆಮ್ಮದಿ ಇತ್ತು ಅಂದರೆ ಸುಳ್ಳಾಗುತ್ತೆ. ಅದಕ್ಕೆ ಅಪ್ಪನ ಜೊತೆ ಕೂತು ಕರಾರು ಮಾಡಿಕೊಂಡೆವು: ಹೆದ್ದಾರಿ ಬೇಡ, ಕತ್ತಲಾದ ಮೇಲೆ ಬೇಡ, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ, ಊರಿನ ಸುತ್ತ ಇಪ್ಪತ್ತು ಕಿಲೋಮೀಟರ್ ಒಳಗೆ ಮಾತ್ರ. ಅಪ್ಪ ಒಂದು ಷರತ್ತು ಸೇರಿಸಿದರು: "ಕಣ್ಣಿನ ಡಾಕ್ಟರು ಬೇಡ ಅಂದ ದಿನ ಕೀ ನಾನೇ ಕೊಡ್ತೀನಿ. ನೀನು ಕೇಳಬಾರದು." ಒಪ್ಪಿದೆ.

ನಿಮ್ಮ ಮನೆಯಲ್ಲೂ ಇಂಥ ಕಾರೊಂದಿದ್ದರೆ, ಉಳಿಸಬೇಕೋ ಬೇಡವೋ ಅಂತ ಕೇಳುವ ಮೊದಲು ಅದನ್ನು ಯಾರು ಓಡಿಸುತ್ತಾರೆ, ಎಲ್ಲಿಗೆ ಹೋಗುತ್ತಾರೆ ಅಂತ ಕೇಳಿಕೊಳ್ಳಿ. ಉತ್ತರ ಅಲ್ಲೇ ಇರುತ್ತೆ. ದೊಡ್ಡಮ್ಮ ಮೊದಲ ದಿನ ಹಿಂದಿನ ಸೀಟಿನಲ್ಲಿ ಕೂತು, ಕೈ ಊರದೆ ಎದ್ದು, ಮತ್ತೆ ಕೂತು ನೋಡಿದರು. "ಈಗ ಸರಿಯಾಯ್ತು, ನಡಿ" ಅಂದರು. ಎಂಜಿನ್ ಬದಲಾದ ವಿಷಯ ಅವರಿಗೆ ಇನ್ನೂ ಗೊತ್ತಿಲ್ಲ.